ಜೇನು ಸಾಕ್ರಿ

ಜೇನುಪೆಟ್ಟಿಗೆಯ ಪಕ್ಕ ಮಲಗಿದವರಿಗೆ ಮಾತ್ರ ಗೊತ್ತಿರುವ ಒಂದು ನಿದ್ದೆ ಇದೆ. ಅದು ಕಣ್ಣಿಗೆ ಬರುವುದಿಲ್ಲ, ಕಿವಿಗೆ ಬರುತ್ತದೆ. ಮಧ್ಯಾಹ್ನ ಊಟ ಮುಗಿಸಿ, ಚನ್ನಗಿರಿಯ ನಮ್ಮ ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಚಾಪೆ ಹಾಸಿಕೊಂಡು, ಪೆಟ್ಟಿಗೆಗೆ ಒಂದಿಷ್ಟು ಬೆನ್ನು ತಾಗಿಸಿ ಕೂತರೆ ಸಾಕು, ಒಳಗಿನ ಗುಂಯ್ ಅನ್ನುವ ಸದ್ದು ಮರದ ಹಲಗೆಯಿಂದ ನನ್ನ ಬೆನ್ನಿಗೆ, ಬೆನ್ನಿನಿಂದ ತಲೆಗೆ ಹತ್ತಿಕೊಳ್ಳುತ್ತಿತ್ತು. ಆಮೇಲೆ ನಾನು ಯಾರು, ಎಲ್ಲಿದ್ದೇನೆ, ಒಲೆಯ ಮೇಲೆ ಹಾಲಿಟ್ಟಿದ್ದೇನೋ ಇಲ್ಲವೋ ಯಾವುದೂ ನೆನಪಿರುತ್ತಿರಲಿಲ್ಲ. ವರ್ಷಗಟ್ಟಲೆ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳಿ ಗಂಟಲು ಹರಿದುಕೊಂಡವಳು ನಾನು. ಯಾರೂ ಪ್ರಶ್ನೆ ಕೇಳದ ಜಾಗ ನನಗೆ ಅದೊಂದೇ ಇತ್ತು.

ಆ ನಿದ್ದೆಯಿಂದಲೇ ಜೇನು ಸಾಕುವುದನ್ನು ಕಲಿಸುವ ನನ್ನ ಕೋರ್ಸು ಬೆಳೆಯಿತು, ಆ ನಿದ್ದೆಯಿಂದಲೇ ಹಾಳೂ ಆಯಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಈಗಲೂ ನನಗೆ ಸರಿಯಾಗಿ ತಿಳಿಯುವುದಿಲ್ಲ.

ಶುರು ಮಾಡಿಸಿದವನು ಮುಜೀಬ್. ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಅವನದು ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ. ಮದುವೆಗಳಿಲ್ಲದ ದಿನ ತಾರಸಿಗೆ ಬಂದು ನನ್ನ ಜೇನಿನ ಪುರಾಣ ಕೇಳುತ್ತಿದ್ದ. ಒಂದು ದಿನ ಅವನಿಗೂ ಸಾಕಾಯಿತು ಅಂತ ಕಾಣುತ್ತದೆ.

"ಹೇಮಕ್ಕ, ಇದನ್ನೆಲ್ಲ ನಾನೊಬ್ನೇ ಯಾಕೆ ಕೇಳ್ಬೇಕು? ಆನ್‌ಲೈನ್ ಕ್ಲಾಸ್ ಮಾಡ್ರಿ. ಜಿಲ್ಲೆಯವ್ರೆಲ್ಲ ಕೇಳ್ಲಿ, ನಾನು ಬದುಕ್ಕಂತೀನಿ" ಎಂದ.

ಹೆಸರು ನಾನೇ ಇಟ್ಟೆ: ಜೇನು ಸಾಕ್ರಿ. ಅವನು ಅದನ್ನು ಬಣ್ಣದ ಅಕ್ಷರದಲ್ಲಿ ಬರೆದು, ತಲೆ ಓರೆ ಮಾಡಿ ನೋಡಿ, ನಕ್ಕ. "ಅಕ್ಕ, ಇದನ್ನ ಓದಿದೋರು 'ಜೇನು ಸಾಕಪ್ಪ, ಇನ್ನು ಬ್ಯಾಡ' ಅಂತ ತಿಳ್ಕಂಡ್ರೆ ಏನ್ ಮಾಡ್ತೀರಿ?"

"ಹಂಗೆ ತಿಳ್ಕಣಾ ದಡ್ಡರು ನಮ್ಮ ಕ್ಲಾಸಿಗೇ ಬ್ಯಾಡ" ಎಂದೆ. ಆ ಮಾತನ್ನು ನಾನು ಎಷ್ಟು ಗತ್ತಿನಿಂದ ಹೇಳಿದ್ದೆನೆಂದರೆ ಅವನು ಇನ್ನೊಂದು ಹೆಸರಿನ ಸುದ್ದಿ ಎತ್ತಲಿಲ್ಲ.

ಮೊದಲ ತಂಡಕ್ಕೆ ಬೆರಳೆಣಿಕೆಯ ಜನ ಬಂದರು. ಹೊನ್ನಾಳಿಯಿಂದ ಕೊಟ್ರಬಸಪ್ಪ, ನಿವೃತ್ತ ಬಸ್ ಕಂಡಕ್ಟರ್, ತಡವಾಗಿ ಬಂದವರಿಗೆಲ್ಲ "ಒಳಗೆ ನಡೀರಿ, ಒಳಗೆ ನಡೀರಿ" ಎನ್ನುವವರು. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಉಚ್ಚಂಗೆಪ್ಪ. ಅವರ ಮುಖವನ್ನು ನಾನು ಬಹಳ ದಿನ ನೋಡಲೇ ಇಲ್ಲ, ಕ್ಯಾಮೆರಾದಲ್ಲಿ ಯಾವಾಗಲೂ ತಗಡಿನ ಸೂರು ಕಾಣುತ್ತಿತ್ತು, "ಹೂಂ" ಅನ್ನುವ ದನಿ ಕೇಳುತ್ತಿತ್ತು. ಮತ್ತೆ ತ್ಯಾವಣಿಗೆಯಿಂದ ದಿಲ್‌ಶಾದ್ ಬೇಗಂ, ಬಟ್ಟೆ ಹೊಲಿಯುವವರು. ನೀವು ಯಾಕೆ ಈ ಕೋರ್ಸಿಗೆ ಬಂದಿರಿ ಎಂದು ಎಲ್ಲರನ್ನೂ ಕೇಳಿದಾಗ ಅವರು ಹೇಳಿದ್ದು ಇಷ್ಟು: "ನಮ್ಮ ಮನೆಯವ್ರನ್ನ ಇಷ್ಟು ವರ್ಷ ಸಾಕೀನಿ ಮೇಡಂ. ಜೇನು ಅವ್ರಷ್ಟು ಕಚ್ಚಲ್ಲ ಬಿಡ್ರಿ." ಹಿಂದೆ ಯಾರೋ ಗಂಡಸು ಕೆಮ್ಮಿದ್ದು ನಮಗೆಲ್ಲ ಕೇಳಿಸಿತು.

ಈ ದಿಲ್‌ಶಾದ್ ಬೇಗಂಗೆ ಜಗತ್ತಿನಲ್ಲಿ ಎಲ್ಲವೂ ಸಾಕುವುದೇ. ಅತ್ತೆ ಕಾಲದ ಹೊಲಿಗೆ ಮಿಷಿನ್ನನ್ನು ಅವರು ಸಾಕುತ್ತಿದ್ದರು. ಬಾಗಿಲ ಮುಂದಿನ ಮಲ್ಲಿಗೆ ಬಳ್ಳಿಯನ್ನು, ಒಡೆದ ಗಾಜಿನ ಫೋನನ್ನು, ತಮ್ಮ ಮಂಡಿನೋವನ್ನು ಕೂಡ. "ಈ ನೋವನ್ನ ಸಾಕಾಕೇ ನಂಗೆ ದಿನಾ ಎಣ್ಣೆ ಬೇಕು" ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ನಗು ಬರುತ್ತಿತ್ತು.

ಪಾಠ ಭಾನುವಾರ ಮಧ್ಯಾಹ್ನ. ಹೇಳಿಕೊಡುವುದು ಸ್ವಲ್ಪ, ಕೇಳಿಸಿಕೊಳ್ಳುವುದೇ ಹೆಚ್ಚು. ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಫೋನನ್ನು, ಕೋರ್ಸಿಗೆ ಸೇರುವಾಗ ಕೊಂಡ ಜೇನುಪೆಟ್ಟಿಗೆಯ ಮುಚ್ಚಳದ ಮೇಲೆ ಬೋರಲು ಇಟ್ಟು ಸುಮ್ಮನೆ ಕೂರಬೇಕು. ಮೊದಲ ವಾರ ಏನೂ ಕೇಳಿಸಲಿಲ್ಲ. ಪಾಠ ನಡೆಯುವ ಆ್ಯಪಿನ ಲೆಕ್ಕದಲ್ಲಿ ಮನುಷ್ಯರ ಮಾತೊಂದೇ ಮಾತು, ಮಿಕ್ಕಿದ್ದೆಲ್ಲ ಗಲಾಟೆ, ಅದನ್ನು ತಾನಾಗಿಯೇ ಒರೆಸಿಹಾಕುತ್ತಿತ್ತು. ಮುಜೀಬ್ ಒಳಗೆಲ್ಲೋ ಹುಡುಕಿ ಒಂದು ಗುಂಡಿ ಒತ್ತಿದ, ಎಲ್ಲರಿಂದಲೂ ಒತ್ತಿಸಿದ.

ಆಗ ಬಂತು. ನನ್ನ ಅಂಗೈಯಷ್ಟಗಲದ ಫೋನಿನಿಂದ ಹೊನ್ನಾಳಿ, ಸೊಕ್ಕೆ, ತ್ಯಾವಣಿಗೆ ಎಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ಕಣ್ಣು ಮುಚ್ಚಿದರೆ ಊರುಗಳ ನಡುವಿನ ದಾರಿ ಕರಗಿಹೋಗಿ, ಮೆಕ್ಕೆಜೋಳದ ಹೊಲ, ಹೊಳೆಯ ಮೇಲಿನ ಸೇತುವೆ, ಹೊಂಗೆಯ ಸಾಲು ಎಲ್ಲ ಒಂದೇ ಪೆಟ್ಟಿಗೆಯೊಳಗೆ ಬಂದು ಕೂತಂತೆ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಕೊಟ್ರಬಸಪ್ಪನವರ ಗೊರಕೆ ಆ ಸದ್ದಿಗೆ ಸೇರುತ್ತಿತ್ತು, ಅದನ್ನು ಯಾರೂ ತಡೆಯುತ್ತಿರಲಿಲ್ಲ.

ಇದೇ ನನ್ನ ಪಾಠದ ಗುಟ್ಟು. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನು ಕಟ್ಟಿಹಾಕಿದ ಹಸುವಲ್ಲ. ಅದಕ್ಕೆ ಬೇಸರವಾದರೆ ಹೇಳದೆ ಕೇಳದೆ ಎದ್ದುಹೋಗುತ್ತದೆ. ಮುಚ್ಚಳ ತೆಗೆದು ತೆಗೆದು ಇಣುಕುವವರನ್ನು ಕಂಡರೆ ಅದಕ್ಕೆ ಮೊದಲೇ ಆಗದು. ಹಾಗಾಗಿ ತೆರೆಯದೆಯೇ ತಿಳಿಯಬೇಕು. ಹೊಟ್ಟೆ ತುಂಬಿದ ಪೆಟ್ಟಿಗೆಯ ಸದ್ದು ಒಂದು ತರ, ಹಸಿದದ್ದು ಇನ್ನೊಂದು ತರ. ರಾಣಿ ಸತ್ತ ಪೆಟ್ಟಿಗೆಯದು ಗುಂಯ್ ಅಲ್ಲ, ನರಳಾಟ. ದಿಲ್‌ಶಾದ್ ಬೇಗಂ ರಾಣಿ ಎನ್ನುತ್ತಿರಲಿಲ್ಲ, ತಾಯಿ ಎನ್ನುತ್ತಿದ್ದರು. "ಉಚ್ಚಂಗೆಪ್ಪಾರೆ, ನಿಮ್ಮ ಜೇನಿಗೆ ಹಸಿವಾಗೇತೆ, ಸಕ್ಕರೆ ನೀರು ಇಡ್ರಿ" ಎಂದು ನಾನು ಇಲ್ಲಿಂದ ಹೇಳುತ್ತಿದ್ದೆ. ಸೊಕ್ಕೆಯ ತಗಡಿನ ಸೂರು "ಹೂಂ" ಎನ್ನುತ್ತಿತ್ತು.

ಒಬ್ಬರು ಇನ್ನೊಬ್ಬರಿಗೆ ಹೇಳಿ, ಎರಡನೆಯ ತಂಡವಾಯಿತು, ಮೂರನೆಯದಾಯಿತು. ಟ್ಯೂಷನ್ ಬಿಟ್ಟೆ. ಮನೆ ನಡೆಯುತ್ತಿತ್ತು, ಮುಜೀಬನಿಗೂ ಪಾಲು ಹೋಗುತ್ತಿತ್ತು, ಮಧ್ಯಾಹ್ನದ ನಿದ್ದೆಗೆ ಅಡ್ಡಿಯಿರಲಿಲ್ಲ. ನಾನು ಬಹಳ ಸುಖವಾಗಿದ್ದೆ. ಸುಖವಾಗಿದ್ದೇನೆ ಎನ್ನುವುದು ಆಗ ಗೊತ್ತಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ನಾನು ಹಾಗೆ ಮಲಗಿದ್ದಾಗ ಮುಜೀಬ್ ವಿಡಿಯೋ ತೆಗೆದ. ಹುಳಗಳು ನನ್ನ ಕೈಮೇಲೆ, ಕೆನ್ನೆಯ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿವೆ, ನಾನು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದೇನೆ. 'ಚಿಂತೆ ಇಲ್ಲದ ನಿದ್ದೆ' ಎಂದು ಹೆಸರು ಕೊಟ್ಟು ಹಾಕಿಯೂಬಿಟ್ಟ. ನನಗೆ ಸಿಟ್ಟು ಬಂದಿದ್ದು ಕೇಳದೆ ತೆಗೆದದ್ದಕ್ಕಲ್ಲ, ಬಾಯಿ ಮುಚ್ಚಿಸದೆ ತೆಗೆದದ್ದಕ್ಕೆ. ನಾನು ಬೈದು ಮುಗಿಸುವಷ್ಟರಲ್ಲಿ ಅದನ್ನು ಲೋಕವೆಲ್ಲ ನೋಡಿಯಾಗಿತ್ತು.

ಫೋನು ನಿಲ್ಲಲೇ ಇಲ್ಲ. ಯಾವ್ಯಾವುದೋ ಊರಿನವರು, ದಣಿದ ದನಿಯವರು, ಕೇಳುತ್ತಿದ್ದುದು ಒಂದೇ: ಮೇಡಂ, ಆ ನಿದ್ದೆ ಕಲಿಸ್ತೀರಾ? "ನಿದ್ದೆ ಕಲಿಸಾಕೆ ಬರಲ್ಲ, ಜೇನು ಸಾಕಾಕೆ ಕಲಿಸ್ತೀನಿ" ಎಂದರೂ ಆಗಲಿ ಎಂದು ಸೇರುತ್ತಿದ್ದರು. ಅದೇ ಹೊತ್ತಿಗೆ ದಾವಣಗೆರೆಯ ಹೋಟೆಲೊಂದರಲ್ಲಿ ವ್ಯಾಪಾರ ಬೆಳೆಸುವ ಬಗ್ಗೆ ಭಾಷಣ ಮಾಡುವವನೊಬ್ಬ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿದ. ವಾರವಾರ ಪಾಠ ಮಾಡುವುದು ದಡ್ಡತನ, ಒಂದು ಸಲ ರೆಕಾರ್ಡ್ ಮಾಡಿ ಇಟ್ಟುಬಿಡಿ, ನೀವು ಮಲಗಿದ್ದಾಗಲೂ ಕೋರ್ಸು ಮಾರಾಟವಾಗಬೇಕು ಎಂದ. ನನ್ನ ನಿದ್ದೆಯನ್ನೇ ತಂದು ನನಗೇ ಮಾರಿದ ಆ ಮಹಾನುಭಾವ. ನಾನು ತಲೆಯಾಡಿಸಿ ಕೊಂಡುಕೊಂಡೆ.

ರೆಕಾರ್ಡ್ ಮಾಡಿದೆವು. ಚೆನ್ನಾಗಿಯೇ ಮಾಡಿದೆವು. ಭಾನುವಾರದ ಪಾಠಕ್ಕೆ ಇಷ್ಟೊಂದು ಜನ ಹಿಡಿಸುವುದಿಲ್ಲ ಎಂದು ಮೊದಲು ಎಲ್ಲರ ದನಿ ಮುಚ್ಚಿದೆವು, ಆಮೇಲೆ ಭಾನುವಾರವನ್ನೇ ಕೈಬಿಟ್ಟೆವು. ಹಳಬರಿಗೂ "ರೆಕಾರ್ಡ್ ನೋಡಿಕೊಳ್ಳಿ" ಎಂದು ಒಂದು ಸಾಲು ಕಳಿಸಿದೆ. ಕೋರ್ಸು ನಿಜಕ್ಕೂ ನಾನು ಮಲಗಿದ್ದಾಗ ಮಾರಾಟವಾಗುತ್ತಿತ್ತು. ತೊಂದರೆಯೆಂದರೆ ನಾನು ಮಲಗುವುದೇ ನಿಂತುಹೋಯಿತು.

ಹೂವಿನ ಕಾಲ ಮುಗಿಯುತ್ತಿದ್ದಂತೆ ಚಿತ್ರಗಳು ಬರತೊಡಗಿದವು. ಖಾಲಿ ಪೆಟ್ಟಿಗೆಗಳ ಚಿತ್ರ. ಮುಚ್ಚಳ ತೆಗೆದಿದೆ, ಒಳಗೆ ಒಣಗಿದ ಮೇಣದ ಎರಿ, ಹುಳವಿಲ್ಲ. ಮೇಡಂ, ನಿನ್ನೆ ಇದ್ದವು. ಮೇಡಂ, ಬೆಳಗ್ಗೆ ವಿಡಿಯೋ ಮಾಡುವಾಗ ಚೆನ್ನಾಗಿದ್ದವು. ಮೇಡಂ, ದಿನಾ ತೆಗೆದು ನೋಡುತ್ತಿದ್ದೆವು, ನಮ್ಮ ತಪ್ಪೇನು? ಅದೇ ತಪ್ಪು. ರೆಕಾರ್ಡಿನಲ್ಲಿ ನಾನು "ಕೇಳಿಸಿಕೊಳ್ಳಿ" ಎಂದು ಹೇಳಿದ್ದೆ, ಆದರೆ ಅವರು ಕೇಳಿಸಿಕೊಂಡದ್ದು ಸರಿಯೇ ಎಂದು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಕಿವಿಗೆ ಧೈರ್ಯ ಬಾರದವರು ಕಣ್ಣಿನಿಂದ ನೋಡಲು ಮುಚ್ಚಳ ತೆಗೆದಿದ್ದರು.

ಬೆಳಗಿನಿಂದ ಸಂಜೆಯವರೆಗೆ ಉತ್ತರ ಬರೆಯುತ್ತಿದ್ದೆ. ಬೈದವರಿಗೂ ಬರೆದೆ, ಅತ್ತವರಿಗೂ ಬರೆದೆ. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಫೋನು ಕೆಳಗೆ ಬಿಟ್ಟು ತಾರಸಿಗೆ ಹೋಗಿ ಪೆಟ್ಟಿಗೆಗೆ ಬೆನ್ನು ಕೊಟ್ಟೆ. ಹಲಗೆ ಸುಮ್ಮನಿತ್ತು. ಕಿವಿ ಇಟ್ಟೆ. ಒಳಗೆ ಏನೂ ಇರಲಿಲ್ಲ. ಯಾವಾಗ ಹೋದವೋ ನನಗೆ ತಿಳಿಯದು. ನಾನು ಊರಿನವರಿಗೆಲ್ಲ ಜೇನು ಸಾಕಲು ಹೇಳಿಕೊಡುತ್ತಿದ್ದ ಹೊತ್ತಿನಲ್ಲಿ ನನ್ನವು ಹಸಿದು ಎದ್ದುಹೋಗಿದ್ದವು. ಚಾಪೆಯ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತೆ.

ಆ ಸಂಜೆ ಮೊದಲ ತಂಡದವರ ವಾಟ್ಸಾಪ್ ಗುಂಪಿಗೆ ಬರೆದೆ. ಹೀಗೆಲ್ಲ ಆಗಿದೆ, ಇದನ್ನು ನಡೆಸಲೋ ನಿಲ್ಲಿಸಲೋ ನೀವೇ ಹೇಳಿ ಎಂದೆ. ಅವರು ಮಾತ್ರ ನಿಜ ಹೇಳುತ್ತಾರೆ ಅನ್ನುವ ನಂಬಿಕೆ ನನಗಿತ್ತು. ಕೊಟ್ರಬಸಪ್ಪ ಕೈಮುಗಿಯುವ ಚಿತ್ರ ಕಳಿಸಿದರು. ಉಚ್ಚಂಗೆಪ್ಪ ಯಥಾಪ್ರಕಾರ "ಹೂಂ" ಎಂದರು. ಆಮೇಲೆ ದಿಲ್‌ಶಾದ್ ಬೇಗಂ ಬರೆದರು.

"ಸಾಕ್ರಿ ಮೇಡಂ."

ಅಷ್ಟೇ. ಮುಂದೆ ಹಿಂದೆ ಏನೂ ಇಲ್ಲ. ಇಷ್ಟು ಬೇಗ, ಇಷ್ಟು ಸಲೀಸಾಗಿ ಅಂದುಬಿಟ್ಟರಲ್ಲ ಎಂದು ಸಂಕಟವಾಯಿತು. ಮುಜೀಬ್ ನನ್ನ ಮುಖ ನೋಡಿ, "ಒಂದ್ಸಲ ಫೋನ್ ಮಾಡಿ ಕೇಳ್ರಿ ಅಕ್ಕ, ಯಾಕೆ ಹಂಗಂದ್ರು ಅಂತ" ಎಂದ.

"ಕೇಳಾದೇನೈತೆ? ಕನ್ನಡ ಓದಾಕೆ ಬರಲ್ವಾ ನಂಗೆ?" ಎಂದು ಅವನ ಮೇಲೆ ಹರಿಹಾಯ್ದೆ.

ಕೋರ್ಸು ಮುಚ್ಚಿದೆ. ಜೇನು ಕಳೆದುಕೊಂಡವರಿಗೆ ಅವರ ಹಣ ಮರಳಿಸಿದೆ. ಗುಂಪಿನಿಂದ ಹೊರಬಂದೆ, ಆ್ಯಪನ್ನು ಅಳಿಸಿದೆ. ಮುಂದಿನ ವಾರದಿಂದ ಮಕ್ಕಳು ಮತ್ತೆ ಚೀಲ ಹೊತ್ತು ಟ್ಯೂಷನ್ನಿಗೆ ಬರತೊಡಗಿದರು.

ಮಳೆಗಾಲ ಹೇಗೆ ಹೋಯಿತೋ ಸರಿಯಾಗಿ ನೆನಪಿಲ್ಲ. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ದಿನಗಳು ಅವು. ಒಂದು ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ನಾನು ಯಾವುದೋ ಬಸ್ಸಿನಲ್ಲಿದ್ದೇನೆ, ಎಲ್ಲ ಸೀಟಿನಲ್ಲೂ ಜನರ ಬದಲು ಜೇನುಪೆಟ್ಟಿಗೆಗಳು ಕೂತಿವೆ, ಕಿಟಕಿಯಾಚೆ ಹುಚ್ಚೆಳ್ಳಿನ ಹಳದಿ ಹೊಲ ಮುಗಿಯುವುದೇ ಇಲ್ಲ. ಯಾವ ಪೆಟ್ಟಿಗೆಗೆ ಕಿವಿ ಇಟ್ಟರೂ ಸದ್ದಿಲ್ಲ. ಆದರೂ ಎಲ್ಲಿಂದಲೋ ಗುಂಯ್ ಅನ್ನುವುದು ಕೇಳುತ್ತಲೇ ಇರುತ್ತದೆ, ಎಲ್ಲಿಂದ ಎಂದು ಹುಡುಕುವಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದು ನೋಡಿದರೆ ಫ್ರಿಜ್ಜಿನ ಸದ್ದು.

ದೀಪಾವಳಿ ಕಳೆದ ಮೇಲೆ ಒಂದು ದಿನ ಕೊಟ್ರಬಸಪ್ಪನವರ ಫೋನು ಬಂತು.

"ಏನ್ ಮೇಡಂ, ವಾರವಾರ ನಿಮ್ಗೊಂದು ಸೀಟು ಹಿಡಿದಿಟ್ಟು ಕಾಯ್ತೀವಿ. ನೀವು ಬರಾದೇ ಇಲ್ವಲ್ಲ?"

"ಎಲ್ಲಿಗ್ರಿ?"

"ಎಲ್ಲಿಗೆ ಅಂದ್ರೆ? ಭಾನುವಾರದ ಕ್ಲಾಸಿಗೆ!"

ನಾನು ಫೋನು ಹಿಡಿದುಕೊಂಡೇ ಕೆಳಗಿಳಿದು ಮುಜೀಬನ ಸ್ಟುಡಿಯೋಗೆ ಓಡಿದೆ. ಅವನೂ ಬೆರಗಾದ. ಆಮೇಲೆ ಹಣೆ ಬಡಿದುಕೊಂಡ. ಮೊದಲ ತಂಡಕ್ಕೆ ಮಾಡಿಕೊಟ್ಟ ಲಿಂಕು ಅವನು ಮುಚ್ಚಿರಲಿಲ್ಲ. ನಾನು ತಡವಾದರೂ ತೊಂದರೆಯಾಗದಿರಲಿ ಎಂದು, ಯಾರು ಮೊದಲು ಬಂದರೂ ಬಾಗಿಲು ತೆರೆದುಕೊಳ್ಳುವ ಹಾಗೆ ಅದನ್ನು ಇಟ್ಟಿದ್ದನಂತೆ. ಅದು ಇಷ್ಟು ದಿನವೂ ತೆರೆದೇ ಇತ್ತು.

ಭಾನುವಾರ ಮಧ್ಯಾಹ್ನ ಇಬ್ಬರೂ ತಾರಸಿಯ ಮೇಲೆ ಕೂತು, ಅವನ ಫೋನಿನಿಂದ ಹಳೆಯ ಲಿಂಕು ಒತ್ತಿದೆವು. ಮುಖಗಳಿಲ್ಲ. ಎಲ್ಲ ಚೌಕಗಳೂ ಕಪ್ಪು, ಫೋನುಗಳು ಮುಚ್ಚಳದ ಮೇಲೆ ಬೋರಲು ಮಲಗಿದ್ದವು. ಆಮೇಲೆ ಆ ಸದ್ದು ಬಂತು. ಕನಸಿನಲ್ಲಿ ಹುಡುಕುತ್ತಿದ್ದೆನಲ್ಲ, ಅದೇ. ನಾನು ಕಣ್ಣು ಮುಚ್ಚಿದೆ. ಸೊಕ್ಕೆಯದು ಗುರುತು ಸಿಕ್ಕಿತು, ಈಗ ಹೊಟ್ಟೆ ತುಂಬಿದ ದನಿ ಅದಕ್ಕೆ. ಹೊನ್ನಾಳಿಯದು ಗೊರಕೆಸಮೇತ ಸಿಕ್ಕಿತು. ಆದರೆ ನನಗೆ ಗುರುತಿಲ್ಲದವು ಎಷ್ಟೊಂದಿದ್ದವು, ಗುರುತಿಲ್ಲದ ಹೆಸರುಗಳು ಎಷ್ಟೊಂದಿದ್ದವು.

"ಯಾರ್ರಿ ಅದು ಸ್ಟುಡಿಯೋದವ್ರು ಬಂದಿರಾದು?" ದಿಲ್‌ಶಾದ್ ಬೇಗಂ ದನಿ. ಮುಜೀಬನ ಫೋನಿನ ಹೆಸರು ಅವರಿಗೆ ಕಂಡಿರಬೇಕು. "ಇಲ್ಲಿ ಮದುವೆ ಗಿದುವೆ ಇಲ್ಲ. ಜೇನು ಇದ್ರೆ ಫೋನ್ ಮುಚ್ಚಳದ ಮ್ಯಾಲಿಡ್ರಿ, ಇಲ್ಲಾಂದ್ರೆ ಸುಮ್ನೆ ಕೇಳ್ರಿ."

ನಾನು ಸುಮ್ಮನೆ ಕೇಳಿದೆ. ಆ ಗುಂಯ್‌ನ ನಡುವೆ ಒಂದು ಎಳೆ ಬೇರೆಯಾಗಿತ್ತು, ನರಳುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದಿಲ್‌ಶಾದ್ ಬೇಗಂ ಮೆತ್ತಗೆ ಹೇಳಿದರು: "ಆಸ್ಮಾ, ನಿನ್ ಪೆಟ್ಟಿಗೇಲಿ ತಾಯಿ ಇಲ್ಲಮ್ಮ. ಮುಚ್ಚಳ ತೆಗೀಬ್ಯಾಡ. ಸಂಜೆ ಪರಶುರಾಮ್ ಬಂದು ನೋಡ್ತಾರೆ." ಸವಳಂಗದ ಪರಶುರಾಮ್, ನನ್ನ ಎರಡನೆಯ ತಂಡದವರು, ಬೈಕಿನಲ್ಲಿ ಬರುತ್ತೇನೆ ಎಂದರು.

ನನಗೆ ತಡೆಯಲಾಗಲಿಲ್ಲ. "ಬೇಗಂ, ನಾನು ಹೇಮಾವತಿ" ಎಂದೆ.

ಗೊರಕೆ ನಿಂತಿತು. "ಒಳಗೆ ನಡೀರಿ ಮೇಡಂ, ಒಳಗೆ ನಡೀರಿ!" ಎಂದರು ಕೊಟ್ರಬಸಪ್ಪ. ಸೊಕ್ಕೆಯಿಂದ ಎಂದಿಗಿಂತ ಉದ್ದನೆಯ "ಹೂಂ" ಬಂತು.

"ಇದೆಲ್ಲ ಹೆಂಗೆ ಬೇಗಂ? ಸಾಕು ಅಂದೋರು ನೀವೇ ಅಲ್ವೇನ್ರಿ?"

"ನಾನೆಲ್ಲಿ ಸಾಕು ಅಂದೆ? ಸಾಕ್ರಿ ಅಂದೆ." ಎಂದರು ಬೇಗಂ. "ಇಷ್ಟು ದಿನ ಸಾಕಿರಾದನ್ನ ಈಗ ಬಿಡಬ್ಯಾಡ್ರಿ, ಸಾಕ್ರಿ ಅಂತ ಅಂದೆ. ನೀವು ಉತ್ರಾನೇ ಕೊಡ್ಲಿಲ್ಲ. ಮೇಡಂಗೆ ಮೈ ಹುಷಾರಿಲ್ವೇನೋ, ಅವ್ರು ಬರಾಗಂಟ ನಾನು ಸಾಕಿರಾಣ ಅಂತ ಸಾಕಿದ್ದೀನಿ. ನೋಡ್ಕಳ್ರಿ, ಎಲ್ಲ ಹುಷಾರಾಗಿ ಐತೆ."

ಮುಜೀಬ್ ಚಾಪೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ದಡ್ಡರು ನಮ್ಮ ಕ್ಲಾಸಿಗೇ ಬೇಡ ಎಂದಿದ್ದವಳು ನಾನಲ್ಲವೇ. ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ಅದುಮಲಿಲ್ಲ.

ಅವರು ಸಾಕಿದ್ದ ಬಗೆಯನ್ನು ಆಮೇಲೆ ಒಬ್ಬೊಬ್ಬರೂ ಹೇಳಿದರು. ನನ್ನ ದೊಡ್ಡ ಕೋರ್ಸಿನಲ್ಲಿ ಪೆಟ್ಟಿಗೆ ಖಾಲಿಯಾದವರ ಪೈಕಿ ಹತ್ತಿರದ ಊರಿನವರನ್ನು ಬೇಗಂ ಹುಡುಕಿ ಕರೆದಿದ್ದರು. ಹಳಬರೊಬ್ಬರಿಗೆ ಹೊಸಬರೊಬ್ಬರು. ಹೊಸಬರು ಒಂದು ಮಳೆಗಾಲ ಪೂರ್ತಿ ಸುಮ್ಮನೆ ಕೇಳಬೇಕು. ಸದ್ದಿನ ಗುರುತು ಹತ್ತಿದ ಮೇಲೆ ಹಳಬರ ಪೆಟ್ಟಿಗೆ ತುಂಬಿ ಜೇನಿನ ಸಂಸಾರ ಎರಡು ಪಾಲಾಗುವಾಗ ಅದರಲ್ಲೊಂದು ಪಾಲು ಅವರಿಗೆ. ಆಮೇಲೆ ಅವರೂ ಹಳಬರು, ಅವರಿಗೂ ಒಬ್ಬ ಹೊಸಬರು. ಇದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿರಲಿಲ್ಲ.

"ಅದಿರ್ಲಿ, ನಿಮ್ ಪೆಟ್ಟಿಗೆ ಸದ್ದು ಕೇಳಿಸ್ರಿ ಮೇಡಂ. ಭಾಳ ದಿನ ಆತು" ಎಂದರು ಬೇಗಂ.

ಇಷ್ಟು ಜನರ ಮುಂದೆ ಅದನ್ನು ಹೇಳುವುದು ಬಹಳ ಕಷ್ಟವಾಯಿತು. "ಖಾಲಿ ಐತೆ ಬೇಗಂ. ಅವಾಗ್ಲೇ ಹೋದ್ವು" ಎಂದೆ.

ಅವರವರ ಜೇನುಗಳು ಗುಂಯ್‌ಗುಟ್ಟುತ್ತಿದ್ದವು. "ಒಂದು ಮಳೆಗಾಲ ಕೇಳ್ಬೇಕು ಅನ್ನಾದು ರೂಲು" ಎಂದರು ದಿಲ್‌ಶಾದ್ ಬೇಗಂ. "ನಿಮ್ಗೆ ಮಾಫಿ. ಪೆಟ್ಟಿಗೆ ತಗಂಡು ತ್ಯಾವಣಿಗೆಗೆ ಬರ್ರಿ. ನಮ್ದು ತುಂಬೇತೆ."

ಹೋದೆ. ಅವರ ಮನೆಯ ಹಿತ್ತಿಲಲ್ಲಿ, ಸಾಕಿದ ಮಲ್ಲಿಗೆಯ ಪಕ್ಕದಲ್ಲಿ, ಅವರು ಎರಿಗಳನ್ನು ಒಂದೊಂದಾಗಿ ನನ್ನ ಪೆಟ್ಟಿಗೆಗೆ ದಾಟಿಸಿದರು. ಸಾಕಿದ ಗಂಡ ದೂರದಲ್ಲಿ ನಿಂತು ಕೆಮ್ಮುತ್ತ ಟೀ ತಂದುಕೊಟ್ಟರು. ಹುಳಗಳು ಗೂಡಿಗೆ ಮರಳಿದ ಮೇಲೆ ಬಾಗಿಲು ಮುಚ್ಚಿ, ಅಲ್ಲೇ ಉಳಿದು, ನಸುಕಿನ ಮೊದಲ ಬಸ್ಸು ಹತ್ತಿದೆ.

ತೊಡೆಯ ಮೇಲೆ ಪೆಟ್ಟಿಗೆ. ಕಿಟಕಿಯ ಆಚೆ ಮಂಜು, ಮಂಜಿನಾಚೆ ಹೊಲ. ಗುಂಯ್ ಅನ್ನುವುದು ಹಲಗೆಯಿಂದ ತೊಡೆಗೆ, ಸೀಟಿಗೆ, ಇಡೀ ಬಸ್ಸಿಗೆ ಹಬ್ಬಿದಂತಿತ್ತು. ಪಕ್ಕದ ಹೆಂಗಸು ತಲೆಯನ್ನು ನನ್ನ ಭುಜಕ್ಕೆ ಒರಗಿಸಿ ನಿದ್ದೆಹೋದಳು, ಮುಂದಿನ ಸೀಟಿನವರು ಹೋದರು, ಕಂಡಕ್ಟರು ಟಿಕೆಟ್ ಕೊಡುತ್ತ ಆಕಳಿಸಿದ. ನನಗೂ ಆ ನಿದ್ದೆ ಬಂತು, ಕಿವಿಯಿಂದ. ಇದು ಹಳೆಯ ಕನಸೇ ಇರಬೇಕು ಎಂದುಕೊಂಡು ಪೆಟ್ಟಿಗೆಗೆ ಕಿವಿ ಇಟ್ಟೆ. ಸದ್ದು ಒಳಗೇ ಇತ್ತು.

ಚನ್ನಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಮುಜೀಬ್ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಪೆಟ್ಟಿಗೆಯನ್ನು ಮುಂದೆ ಇಟ್ಟು ಹಗ್ಗ ಬಿಗಿಯುತ್ತ ಕೇಳಿದ, "ಅಕ್ಕ, ಮತ್ತೆ ಶುರು ಮಾಡಾಣ ಅಂತೀರಾ? ಎಷ್ಟು ಜನ ಆದ್ರೆ ಸಾಕು ಈ ಸಲ?"

"ಸಾಕಾಕೆ ಆಗಾ ಅಷ್ಟು ಜನ" ಎಂದೆ.

ಅವನು ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಸ್ಕೂಟರನ್ನು ಮೆಲ್ಲಗೆ, ಬಹಳ ಮೆಲ್ಲಗೆ ಬಿಟ್ಟ.